ಅಲ್ಪವನ್ನೂ ಮರೆಯದವನು: ‘ಅಶ್ಶಕೂರ್’ ಎಂಬ ನಾಮದ ಚಿಂತನೆ

ಮುಂಬಯಿ, ಹೈದರಾಬಾದು, ದಿಲ್ಲಿಗಳಲ್ಲಿ ನೆಲೆಸಿದವರ ಕಿವಿಗೆ ‘ಶುಕ್ರಿಯಾ’ ಎಂಬ ಮಾತು ಹೊಸದಲ್ಲ. ಇದರ ಮೂಲ ಅರಬ್ಬಿಯ ‘ಶುಕ್ರ್’, ಎಂದರೆ ಕೃತಜ್ಞತೆ. ಅದೇ ಧಾತುವಿನಿಂದ ಭಗವಂತನ ನಾಮವೊಂದು ಮೂಡಿದೆಯೆಂಬುದು ಮಾತ್ರ ಅನೇಕರಿಗೆ ತಿಳಿಯದು. ಇಸ್ಲಾಂ ಧರ್ಮದಲ್ಲಿ ದೇವರ 99 ಸುಂದರ ನಾಮಗಳನ್ನು ಸ್ಮರಿಸುವ ಸಂಪ್ರದಾಯವುಂಟು. ಅವುಗಳಲ್ಲಿ ‘ಅಶ್ಶಕೂರ್’ ಒಂದು. ‘ಅತ್ಯಂತ ಕೃತಜ್ಞನಾದವನು’ ಎಂಬುದು ಇದರ ಅರ್ಥ.

ಇಲ್ಲಿ ಸಹಜವಾಗಿಯೇ ಒಂದು ಸಂದೇಹ ಏಳುತ್ತದೆ. ಕೊಡುವವನು ದೇವರು, ಪಡೆಯುವವನು ಮನುಷ್ಯ. ಹಾಗಿರುವಾಗ ದೇವರು ಯಾರಿಗೆ ಕೃತಜ್ಞನಾಗಬೇಕು?

ಇದಕ್ಕೆ ಉತ್ತರ ಆ ಶಬ್ದದಲ್ಲಿಯೇ ಇದೆ. ಅಲ್ಪ ಮೇವನ್ನು ತಿಂದು ಮೈತುಂಬಿಕೊಳ್ಳುವ ಪ್ರಾಣಿಯನ್ನೂ ಅರಬ್ಬರು ‘ಶಕೂರ್’ ಎಂದು ಕರೆಯುತ್ತಿದ್ದರೆಂದು ಪ್ರಾಚೀನ ನಿಘಂಟುಕಾರರು ತಿಳಿಸುತ್ತಾರೆ. ಪಡೆದದ್ದು ಹಿಡಿ ಹುಲ್ಲು, ತೋರಿದ್ದು ಮೈತುಂಬ ಪುಷ್ಟಿ. ಅಂತೆಯೇ ಮನುಷ್ಯನ ಅಲ್ಪ ಸತ್ಕರ್ಮವನ್ನು ಸ್ವೀಕರಿಸಿ ಅನಂತ ಫಲವನ್ನು ಕರುಣಿಸುವವನೇ ‘ಅಶ್ಶಕೂರ್’ ಎಂದು ಇಮಾಂ ಗಜ್ಜಾಲಿ ವಿವರಿಸಿದ್ದಾರೆ.

ಪ್ರವಾದಿ ಮುಹಮ್ಮದರು ಹೇಳಿದ ಕಥೆಯೊಂದು ಹದೀಸುಗಳಲ್ಲಿದೆ. ಬಾಯಾರಿದ ಪಥಿಕನೊಬ್ಬ ಬಾವಿಗಿಳಿದು ನೀರು ಕುಡಿದು ಮೇಲೆ ಬಂದ. ಅಲ್ಲೊಂದು ನಾಯಿ ದಾಹ ತಾಳಲಾರದೆ ಒದ್ದೆ ಮಣ್ಣನ್ನು ನೆಕ್ಕುತ್ತಿತ್ತು. ಅವನು ಮತ್ತೆ ಬಾವಿಗಿಳಿದು, ಪಾದರಕ್ಷೆಯಲ್ಲಿ ನೀರು ತುಂಬಿ, ಅದನ್ನು ಬಾಯಲ್ಲಿ ಕಚ್ಚಿಕೊಂಡು ಮೇಲೇರಿ ನಾಯಿಗೆ ಕುಡಿಸಿದ. ದೇವರು ಆ ಕಾರ್ಯವನ್ನು ಮೆಚ್ಚಿ ಅವನ ಪಾಪಗಳನ್ನು ಕ್ಷಮಿಸಿದ. ಈ ಮೆಚ್ಚುಗೆಯನ್ನು ಹೇಳಲು ಮೂಲದಲ್ಲಿ ಬಳಸಿರುವುದು ‘ಶುಕ್ರ್’ ಧಾತುವಿನ ಕ್ರಿಯಾಪದವನ್ನೇ. ಕಂಡವರಿಲ್ಲ, ಹೊಗಳಿದವರಿಲ್ಲ, ಆದರೂ ಆ ಒಂದು ಗುಟುಕು ನೀರು ವ್ಯರ್ಥವಾಗಲಿಲ್ಲ.

ವಿಷ್ಣು ಸಹಸ್ರನಾಮವನ್ನು ಪಠಿಸುವವರಿಗೆ ಈ ಭಾವ ಅಪರಿಚಿತವಲ್ಲ. ಅಲ್ಲಿಯೂ ‘ಕೃತಜ್ಞಃ’ ಎಂಬ ನಾಮವಿದೆ. ಎಲೆ ಹೂವುಗಳಂತಹ ಅಲ್ಪವನ್ನು ಅರ್ಪಿಸಿದವರಿಗೂ ಮೋಕ್ಷವನ್ನೀಯುವವನೆಂದು ಶಂಕರಭಾಷ್ಯ ಅದಕ್ಕೆ ಅರ್ಥ ಹೇಳುತ್ತದೆ.

ಭಗವಂತನೇ ಅಲ್ಪವನ್ನು ಮರೆಯದಿರುವಾಗ ಮನುಷ್ಯನು ಮಹತ್ತನ್ನೇ ಮರೆಯುವುದೇಕೆ? ‘ಶುಕ್ರ್’ಗೆ ವಿರುದ್ಧವಾದ ಪದ ‘ಕುಫ್ರ್’. ಅದರ ಮೂಲಾರ್ಥ ‘ಮುಚ್ಚುವುದು’. ಪಡೆದ ಉಪಕಾರವನ್ನು ಮುಚ್ಚಿಬಿಡುವುದೇ ಕೃತಘ್ನತೆ. ಇದಕ್ಕೆ ದುಷ್ಟತನ ಬೇಕಾಗಿಲ್ಲ, ಅಭ್ಯಾಸಬಲವೊಂದೇ ಸಾಕು. ನಿತ್ಯವೂ ದೊರೆಯುವುದು ಕಣ್ಣಿಗೆ ಕಾಣದಾಗುತ್ತದೆ.

ಗಜ್ಜಾಲಿಯವರು ಬಾಗ್ದಾದಿನ ನಿಜಾಮಿಯಾ ವಿದ್ಯಾಪೀಠದಲ್ಲಿ ಕೀರ್ತಿಯ ಶಿಖರದಲ್ಲಿದ್ದವರು. 1095ರಲ್ಲಿ ತೀವ್ರವಾದ ಅಂತರಂಗದ ತಳಮಳಕ್ಕೆ ಸಿಲುಕಿ, ಪದವಿಯನ್ನು ತ್ಯಜಿಸಿ ಹೊರಟರು. ಅವರ ಮಹಾಗ್ರಂಥ ‘ಇಹ್ಯಾ’ದಲ್ಲಿ ಕೃತಜ್ಞತೆಯ ವಿಚಾರವಾಗಿ ದೀರ್ಘ ವಿವೇಚನೆಯಿದೆ. ಒಂದು ರೊಟ್ಟಿ ಬಾಯಿಗೆ ಬರಬೇಕಾದರೆ ಮಳೆ, ಬಿಸಿಲು, ಭೂಮಿಗಳ ಜತೆಗೆ ರೈತ, ಕಮ್ಮಾರ, ಬಡಗಿ, ಬೀಸುವವ, ಬೇಯಿಸುವವ ಮುಂತಾದ ಎಷ್ಟು ಕೈಗಳು ದುಡಿಯಬೇಕೆಂಬುದನ್ನು ಅವರು ಅಲ್ಲಿ ಎಣಿಸಿ ತೋರಿಸುತ್ತಾರೆ. ಅವರ ದೃಷ್ಟಿಯಲ್ಲಿ ಕೃತಜ್ಞತೆಗೆ ಮೂರು ಅಂಗಗಳು: ವರ ಯಾರಿಂದ ಬಂತೆಂಬ ಅರಿವು, ಆ ಅರಿವಿನಿಂದ ಹುಟ್ಟುವ ಆನಂದ, ಆನಂದದಿಂದ ಹೊಮ್ಮುವ ಕಾರ್ಯ. ಬಾಯಿಮಾತು ಈ ಮೂರನೆಯದರ ಒಂದು ಅಂಶ ಮಾತ್ರ.

ನಗರಜೀವನಕ್ಕೆ ಈ ಪಾಠ ವಿಶೇಷವಾಗಿ ಅನ್ವಯಿಸುತ್ತದೆ. ನೀರು ಸಾಲದು, ಜಾಗ ಸಾಲದು, ಸಂಬಳ ಸಾಲದು ಎಂಬ ದೂರುಗಳಲ್ಲಿ ಸತ್ಯವಿಲ್ಲವೆಂದಲ್ಲ. ಕೃತಜ್ಞತೆಯೆಂದರೆ ಕೊರತೆಯನ್ನು ಅಲ್ಲಗಳೆಯುವುದೂ ಅಲ್ಲ. ಆದರೆ ನಸುಕಿನಲ್ಲಿ ಹಾಲು ತರುವವನು, ಬೀದಿ ಗುಡಿಸುವವಳು, ಗುರುತಿಲ್ಲದ ಊರಿನಲ್ಲಿ ಮೊದಲು ಆಸರೆಯಿತ್ತ ನೆರೆಯವರು, ಇವರ ಋಣ ಆ ದೂರುಗಳಡಿ ಮುಚ್ಚಿಹೋಗಬಾರದು.

ಕಣ್ಣಿನ ಕೃತಜ್ಞತೆಯನ್ನು ಕುರಿತು ಗಜ್ಜಾಲಿಯವರು ಹೇಳಿರುವುದು ಸ್ಮರಣೀಯ: ಬಾಂಧವನಲ್ಲಿ ಕಂಡ ದೋಷವನ್ನು ಮರೆಮಾಚುವುದೇ ಕಣ್ಣನ್ನು ಕೊಟ್ಟವನಿಗೆ ಸಲ್ಲಿಸುವ ಕೃತಜ್ಞತೆ. ಮುಚ್ಚಬೇಕಾದದ್ದು ಪರರ ದೋಷವನ್ನು, ತೆರೆದಿಡಬೇಕಾದದ್ದು ಪರರ ಉಪಕಾರವನ್ನು. ಲೋಕದ ರೂಢಿ ಇದಕ್ಕೆ ತಲೆಕೆಳಗಾಗಿದೆ. ಅದನ್ನು ತನ್ನ ಮಟ್ಟಿಗಾದರೂ ಸರಿಪಡಿಸಿಕೊಳ್ಳುವವನ ಸಣ್ಣ ಪ್ರಯತ್ನವನ್ನೂ ‘ಅಶ್ಶಕೂರ್’ ಮರೆಯುವುದಿಲ್ಲ.