ಅಂಚೆಯಲ್ಲಿ ಬಂದ ದನಿ ಬರಹವಾಗುವ ಬಗೆ

ಕಾಲೇಜೊಂದರ ವಿದ್ಯಾರ್ಥಿಗಳು ಸುತ್ತಲಿನ ಹಳ್ಳಿಗಳಿಗೆ ಹೋಗಿ, ಅಲ್ಲಿನ ಕೆರೆಗಳ ವಿಷಯದಲ್ಲಿ ಹಿರಿಯರು ಹೇಳುವ ಮಾತುಗಳನ್ನು ಮೊಬೈಲ್ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಬಂದರೆಂದು ಭಾವಿಸೋಣ. ಯಾವ ಹಳ್ಳದ ನೀರು ಯಾವ ಕೆರೆಗೆ, ನೀರುಗಂಟಿಯ ಕೆಲಸ ಯಾವ ಮನೆತನದ್ದು, ಯಾವ ವರ್ಷ ಕೋಡಿ ಬಿದ್ದಿತು, ಯಾವ ವರ್ಷ ಏರಿ ಒಡೆಯಿತು, ಇವೆಲ್ಲ ಪುಸ್ತಕಗಳಲ್ಲಿ ದೊರೆಯದ ಸಂಗತಿಗಳು. ೩೦ ಮಂದಿ ಹಿರಿಯರು ತಲಾ ಒಂದು ಗಂಟೆ ಮಾತನಾಡಿದ್ದಾರೆ. ಒಂದು ಗಂಟೆಯ ಮಾತನ್ನು ಕೇಳಿ, ನಿಲ್ಲಿಸಿ, ಮತ್ತೆ ಕೇಳಿ ಬರೆದುಕೊಳ್ಳಲು ೪ ಗಂಟೆ ಹಿಡಿಯುವುದೆಂದಿಟ್ಟುಕೊಂಡರೂ ಇದು ೧೨೦ ಗಂಟೆಗಳ ದುಡಿಮೆಯಾಯಿತು.

ಈ ದುಡಿಮೆಯನ್ನು ಯಂತ್ರಕ್ಕೆ ವಹಿಸಬಹುದೇ? ವಹಿಸಬಹುದು. ವಿದ್ಯಾರ್ಥಿಯು ಧ್ವನಿಯ ಕಡತವನ್ನು ಇಮೇಲಿಗೆ ಲಗತ್ತಿಸಿ ಒಂದು ಗೊತ್ತಾದ ವಿಳಾಸಕ್ಕೆ ಕಳುಹಿಸಿದರೆ ಸಾಕು. ಕಂಪ್ಯೂಟರು ಆ ಪತ್ರವನ್ನು ತಾನೇ ತೆರೆದು, ಧ್ವನಿಯನ್ನು ಹೊರತೆಗೆದು, ಬರಹಕ್ಕಿಳಿಸುವ ತಂತ್ರಾಂಶಕ್ಕೆ ಒಪ್ಪಿಸಿ, ದೊರೆತ ಬರಹವನ್ನು ಅದೇ ವಿದ್ಯಾರ್ಥಿಗೆ ಮರಳಿ ಅಂಚೆ ಮಾಡುವುದು. ನಡುವೆ ಮನುಷ್ಯನ ಕೈ ಸೋಕುವುದಿಲ್ಲ. ಈ ಸರಪಳಿಯ ಒಂದೊಂದು ಕೊಂಡಿಯನ್ನೂ ಪರೀಕ್ಷಿಸಿ, ಮನುಷ್ಯನ ಕೈ ಎಲ್ಲಿ ಇರಲೇಬೇಕೆಂಬುದನ್ನು ಕೊನೆಯಲ್ಲಿ ನಿರ್ಧರಿಸೋಣ.

ಅಕ್ಷರದ ವೇಷ ತೊಟ್ಟ ದನಿ

ಇಮೇಲು ಹುಟ್ಟಿದ್ದು ಬರಹಕ್ಕಾಗಿ, ದನಿಗಾಗಿ ಅಲ್ಲ. ೧೯೮೨ರಲ್ಲಿ ಜಾನ್ ಪೋಸ್ಟೆಲ್ ಪ್ರಕಟಿಸಿದ ಅಂಚೆಯ ನಿಯಮಗಳ ಪ್ರಕಾರ ಪತ್ರದಲ್ಲಿ ೧೨೮ ಸಂಕೇತಗಳಿಗೆ ಮಾತ್ರ ಎಡೆಯಿದ್ದಿತು. ಇಂಗ್ಲಿಷಿನ ಅಕ್ಷರಗಳು, ಅಂಕಿಗಳು, ಕೆಲವು ಚಿಹ್ನೆಗಳು, ಇಷ್ಟೇ. ೧೯೯೨ರಲ್ಲಿ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬವರು 'ಮೈಮ್' ಎಂಬ ಹೊಸ ನಿಯಮವನ್ನು ರೂಪಿಸಿ, ಚಿತ್ರ ಮತ್ತು ಧ್ವನಿಗಳಿಗೂ ಅಂಚೆಯ ಬಾಗಿಲನ್ನು ತೆರೆದರು.

ಅವರು ಬಳಸಿದ ಉಪಾಯ ಸರಳವಾದುದು. ಧ್ವನಿಯ ಕಡತದಿಂದ ೩ ಬೈಟುಗಳನ್ನು, ಎಂದರೆ ೨೪ ಬಿಟ್ಟುಗಳನ್ನು, ತೆಗೆದುಕೊಳ್ಳಬೇಕು. ಅವನ್ನು ಆರಾರರಂತೆ ೪ ಭಾಗ ಮಾಡಬೇಕು. ೬ ಬಿಟ್ಟುಗಳಿಂದ ೬೪ ಬಗೆಯ ಜೋಡಣೆಗಳು ಸಾಧ್ಯವಾದ್ದರಿಂದ, ಪ್ರತಿಯೊಂದು ಭಾಗಕ್ಕೂ ೬೪ ಅಕ್ಷರಗಳ ಪಟ್ಟಿಯಿಂದ ಒಂದನ್ನು ಕೊಡಬಹುದು. ಹೀಗೆ ದನಿಯು ಅಕ್ಷರಗಳ ವೇಷ ತೊಟ್ಟು ಪ್ರಯಾಣ ಮಾಡುವುದು. ಆದರೆ ೩ ಬೈಟಿನ ಸರಕು ೪ ಬೈಟಾಗುವುದರಿಂದ ಹೊರೆಯು ಮೂರನೆಯ ಒಂದು ಪಾಲಿನಷ್ಟು ಹೆಚ್ಚುವುದು.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡೋಣ. ಮಾತನ್ನು ಗುರುತಿಸಲು ಸೆಕೆಂಡಿಗೆ ೧೬,೦೦೦ ಸಲ ದನಿಯನ್ನು ಅಳೆದು, ಪ್ರತಿ ಅಳತೆಯನ್ನೂ ೨ ಬೈಟುಗಳಲ್ಲಿ ಬರೆದಿಡುವುದು ವಾಡಿಕೆ. ಒಂದು ಗಂಟೆಗೆ ಇದು ೧೧,೫೨,೦೦,೦೦೦ ಬೈಟು, ಅಥವಾ ಸುಮಾರು ೧೧೫ ಮೆಗಾಬೈಟು ಆಗುವುದು. ಅಂಚೆಯು ೨೫ ಮೆಗಾಬೈಟಿಗಿಂತ ದೊಡ್ಡ ಹೊರೆಯನ್ನು ಒಪ್ಪದಿದ್ದರೆ ಈ ಕಡತ ಹೊರಡುವುದೇ ಇಲ್ಲ. ಅದನ್ನು ಸೆಕೆಂಡಿಗೆ ೪,೦೦೦ ಬೈಟಿಗೆ ಅಡಕಗೊಳಿಸಿದರೆ ಗಂಟೆಗೆ ೧೪.೪ ಮೆಗಾಬೈಟಾಗಿ, ಅಕ್ಷರದ ವೇಷ ತೊಟ್ಟ ಮೇಲೆ ಸುಮಾರು ೧೯.೨ ಆಗುವುದು. ಈಗ ಪತ್ರ ಹೊರಡಬಲ್ಲದು.

ಬಾಗಿಲು ಕಾಯುವ ಯಂತ್ರ

ಪತ್ರ ಬಂದುದು ಯಂತ್ರಕ್ಕೆ ತಿಳಿಯುವುದು ಹೇಗೆ? ಕೆಲವು ನಿಮಿಷಗಳಿಗೊಮ್ಮೆ ಪೆಟ್ಟಿಗೆಯನ್ನು ತೆರೆದು ನೋಡುವುದು ಒಂದು ಕ್ರಮ. ಪತ್ರ ಬಂದೊಡನೆ ಅಂಚೆಯ ಸರ್ವರೇ ಸೂಚನೆ ಕೊಡುವುದು ಇನ್ನೊಂದು ಕ್ರಮ. ಯಾವ ಕ್ರಮವಾದರೂ ಎರಡು ಅಪಾಯಗಳು ಇದ್ದೇ ಇರುತ್ತವೆ.

ಮೊದಲನೆಯದು, ಒಂದೇ ಕೆಲಸವನ್ನು ಎರಡು ಸಲ ಮಾಡುವುದು, ಅಥವಾ ಒಂದು ಸಲವೂ ಮಾಡದಿರುವುದು. ಬರಹಕ್ಕಿಳಿಸುವ ನಡುವೆಯೇ ವಿದ್ಯುತ್ತು ಹೋಯಿತೆನ್ನಿ. ಪತ್ರವನ್ನು ತೆರೆದಾಗಲೇ 'ಮುಗಿಯಿತು' ಎಂದು ಗುರುತು ಹಾಕಿದ್ದರೆ ಆ ಹಿರಿಯರ ಮಾತು ಸದ್ದಿಲ್ಲದೆ ಕಳೆದುಹೋಗುವುದು. ಆದುದರಿಂದ ಬರಹವು ಸಿದ್ಧವಾಗಿ ಉಳಿಸಿದ ಮೇಲೆಯೇ ಗುರುತು ಹಾಕಬೇಕು. ಆಗ ಕೆಲವು ಪತ್ರಗಳು ಎರಡು ಸಲ ಬರಹಕ್ಕಿಳಿಯಬಹುದು, ಅದು ಬಾಧಕವಲ್ಲ. ಪ್ರತಿ ಇಮೇಲಿಗೂ ಬೇರೆ ಬೇರೆಯಾದ ಒಂದು ಗುರುತಿನ ಸಾಲು ಇರುವುದರಿಂದ, ಬರಹದ ಕಡತಕ್ಕೆ ಅದೇ ಹೆಸರನ್ನು ಇಟ್ಟರೆ ಎರಡನೆಯ ಪ್ರತಿಯು ಮೊದಲನೆಯದರ ಜಾಗದಲ್ಲಿಯೇ ಕೂಡುವುದು.

ಎರಡನೆಯ ಅಪಾಯ ವಿನೋದಕರವಾದುದು. ನಮ್ಮ ಯಂತ್ರವು 'ನಿಮ್ಮ ಧ್ವನಿ ತಲುಪಿತು' ಎಂದು ಬರೆಯುವುದು. ಅತ್ತ ಕಡೆಯ ಯಂತ್ರವು 'ನಾನು ರಜೆಯಲ್ಲಿದ್ದೇನೆ' ಎಂದು ಉತ್ತರಿಸುವುದು. ನಮ್ಮ ಯಂತ್ರವು ಅದಕ್ಕೂ ಉತ್ತರ ಕೊಡುವುದು. ಹೀಗೆ ಎರಡು ಯಂತ್ರಗಳು ರಾತ್ರಿಯೆಲ್ಲ ಹರಟಬಲ್ಲವು. ಯಂತ್ರ ಬರೆದ ಪತ್ರದ ತಲೆಯ ಮೇಲೆ 'ಇದು ತಾನಾಗಿ ಹೊರಟ ಪತ್ರ' ಎಂಬ ಗುರುತಿರಬೇಕು, ಅಂಥ ಗುರುತುಳ್ಳ ಪತ್ರಕ್ಕೆ ಮತ್ತೊಂದು ಯಂತ್ರ ಉತ್ತರ ಕೊಡಕೂಡದು ಎಂಬ ನಿಯಮವನ್ನು ೨೦೦೪ರಲ್ಲಿ ಪ್ರಕಟಿಸಿದ್ದಾರೆ.

ಕೇಳುವುದೋ, ಊಹಿಸುವುದೋ?

೧೯೫೨ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ರಚಿತವಾದ 'ಆಡ್ರಿ' ಎಂಬ ಯಂತ್ರವು ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಮಾತ್ರ, ಅದೂ ಪರಿಚಯವಾದ ದನಿಯಲ್ಲಿ, ಗುರುತಿಸುತ್ತಿತ್ತು. ೨೦೨೨ರಲ್ಲಿ ಓಪನ್‌ಎಐ ಸಂಸ್ಥೆ ಹೊರತಂದ 'ವಿಸ್ಪರ್' ಎಂಬ ತಂತ್ರಾಂಶವನ್ನು ೬,೮೦,೦೦೦ ಗಂಟೆಗಳ ಧ್ವನಿಯಿಂದ ಪಳಗಿಸಿದ್ದರು. ಅದರಲ್ಲಿ ಬಹುಪಾಲು ಇಂಗ್ಲಿಷು. ಉಳಿದ ೯೬ ಭಾಷೆಗಳ ಮಾತಿಗೆಲ್ಲ ಸೇರಿ ದೊರೆತುದು ೧,೧೭,೦೦೦ ಗಂಟೆ. ಇದು ಧ್ವನಿಯನ್ನು ೩೦ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಯಾವ ಕ್ಷಣದಲ್ಲಿ ಯಾವ ಸ್ವರದ ಬಲ ಎಷ್ಟೆಂಬ ಚಿತ್ರವನ್ನು ರಚಿಸಿಕೊಂಡು, ಆ ಚಿತ್ರಕ್ಕೂ ತಾನು ಈವರೆಗೆ ಬರೆದುದಕ್ಕೂ ಹೊಂದುವ ಮುಂದಿನ ಪದ ಯಾವುದೆಂದು ಊಹಿಸುತ್ತ ಸಾಗುವುದು.

ಊಹೆಯೇ ಇದರ ಬಲ, ಊಹೆಯೇ ಇದರ ದೋಷ. ಮಾತು ಮಸುಕಾದಾಗಲೂ ಅರ್ಥ ಹಿಡಿಯುವುದು ಊಹೆಯಿಂದ. ಯಾರೂ ಮಾತನಾಡದಿದ್ದಾಗ ಇಲ್ಲದ ಮಾತನ್ನು ಬರೆಯುವುದೂ ಊಹೆಯಿಂದಲೇ. ೨೦೨೪ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧಕರ ಒಂದು ಅಧ್ಯಯನದಲ್ಲಿ, ಪರೀಕ್ಷಿಸಿದ ಧ್ವನಿತುಣುಕುಗಳಲ್ಲಿ ಸುಮಾರು ನೂರಕ್ಕೆ ಒಂದರ ಬರಹದಲ್ಲಿ ಯಾರೂ ಆಡದ ಮಾತುಗಳು ಕಂಡುಬಂದುವು. ಮಾತಿನ ನಡುವೆ ಮೌನ ಹೆಚ್ಚಿದ್ದಲ್ಲಿ ಈ ಕಟ್ಟುಮಾತು ಹೆಚ್ಚು. ನೆನಪಿಸಿಕೊಂಡು ನಿಧಾನವಾಗಿ ಮಾತನಾಡುವ ಹಿರಿಯರ ವಿಷಯದಲ್ಲಿ ಇದನ್ನು ಮರೆಯುವಂತಿಲ್ಲ.

ತಪ್ಪಿನ ಎಣಿಕೆ, ತಪ್ಪಿನ ತೂಕ

ಬರಹ ಎಷ್ಟು ಸರಿಯೆಂದು ಅಳೆಯಲು ಒಂದು ಸೂತ್ರವಿದೆ. ಬದಲಾದ ಪದಗಳು, ಬಿಟ್ಟುಹೋದ ಪದಗಳು, ಹೊಸದಾಗಿ ಸೇರಿದ ಪದಗಳು, ಈ ಮೂರನ್ನೂ ಕೂಡಿಸಿ, ನಿಜವಾಗಿ ಆಡಿದ ಪದಗಳ ಸಂಖ್ಯೆಯಿಂದ ಭಾಗಿಸಬೇಕು. ಹಿರಿಯರೊಬ್ಬರು "ಕೋಡಿ ಹರಿಯುವಾಗ ಮಕ್ಕಳು ಅಲ್ಲಿ ಈಜಬಾರದು" ಎಂದರೆನ್ನಿ. ಇಲ್ಲಿ ಪದಗಳು ೫. ಒಂದು ಯಂತ್ರವು 'ಹರಿಯುವಾಗ' ಎಂಬುದನ್ನು 'ಹರಿವಾಗ' ಎಂದು ಬರೆಯಿತು. ತಪ್ಪು ಐದರಲ್ಲಿ ಒಂದು, ಎಂದರೆ ಶೇಕಡ ೨೦. ಇನ್ನೊಂದು ಯಂತ್ರವು 'ಈಜಬಾರದು' ಎಂಬುದನ್ನು 'ಈಜಬಹುದು' ಎಂದು ಬರೆಯಿತು. ಇಲ್ಲಿಯೂ ಶೇಕಡ ೨೦! ಸೂತ್ರದ ದೃಷ್ಟಿಯಲ್ಲಿ ಎರಡೂ ಸಮ. ಆದರೆ ಮೊದಲನೆಯ ತಪ್ಪಿನಿಂದ ಯಾರಿಗೂ ಕೇಡಿಲ್ಲ; ಎರಡನೆಯದನ್ನು ನಂಬಿದ ಮಗು ನೀರುಪಾಲಾಗಬಹುದು.

ಕನ್ನಡದಲ್ಲಿ ಈ ತೊಡಕು ವಿಶೇಷವಾಗಿದೆ. ನಮ್ಮ ನಿಷೇಧವು ಅನೇಕ ವೇಳೆ ಬೇರೆ ಪದವಾಗಿ ನಿಲ್ಲದೆ ಕ್ರಿಯಾಪದದೊಳಗೇ ಬೆರೆತಿರುತ್ತದೆ. ಇದಕ್ಕೆ ವಿರುದ್ಧವಾಗಿ, 'ಕೆರೆಕಟ್ಟೆ' ಎಂಬುದನ್ನು ಯಂತ್ರವು 'ಕೆರೆ ಕಟ್ಟೆ' ಎಂದು ಬಿಡಿಸಿ ಬರೆದರೆ, ಒಂದು ಪದ ಬದಲಾಗಿ ಇನ್ನೊಂದು ಸೇರಿತೆಂದು ಸೂತ್ರವು ೨ ತಪ್ಪುಗಳನ್ನು ಎಣಿಸುವುದು. ಅರ್ಥಕ್ಕೆ ಮಾತ್ರ ಕಿಂಚಿತ್ತೂ ಊನವಿಲ್ಲ.

ಮನುಷ್ಯನು ನಿಲ್ಲಬೇಕಾದ ಎಡೆ

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಪತ್ರ ತೆರೆಯುವುದು, ಕಡತ ಬಿಡಿಸುವುದು, ಹೆಸರಿಡುವುದು, ಕರಡನ್ನು ಸಿದ್ಧಮಾಡುವುದು, ಇವುಗಳಲ್ಲಿ ತಪ್ಪಾದರೆ ಮೂಲ ಪತ್ರ ಪೆಟ್ಟಿಗೆಯಲ್ಲಿಯೇ ಇರುವುದರಿಂದ ತಿದ್ದಿಕೊಳ್ಳಬಹುದು. ಈ ಕೆಲಸಗಳನ್ನು ಯಂತ್ರಕ್ಕೆ ಬಿಡಬಹುದು. ಆದರೆ ಬರಹವು ನಮ್ಮ ಕೈಬಿಟ್ಟು ಇತರರನ್ನು ಸೇರಿದ ಮೇಲೆ ಅದನ್ನು ಮರಳಿ ಕರೆಯಲಾಗದು. ಆ ಬಾಗಿಲಲ್ಲಿ ಮನುಷ್ಯನೇ ನಿಲ್ಲಬೇಕು. ಯಂತ್ರವು ಕರಡನ್ನು, ಪ್ರತಿ ವಾಕ್ಯದ ಎದುರಿಗೆ ಅದು ಧ್ವನಿಯಲ್ಲಿ ಬರುವ ನಿಮಿಷ ಸೆಕೆಂಡುಗಳ ಸಮೇತ, ಮಾತನ್ನು ಕೇಳಿಬಂದ ವಿದ್ಯಾರ್ಥಿಗೇ ಕಳುಹಿಸಲಿ. ಅವನೋ ಅವಳೋ ನಿಷೇಧಗಳನ್ನು, ಸಂಖ್ಯೆಗಳನ್ನು, ಹೆಸರುಗಳನ್ನು, ಮೌನದ ಎಡೆಗಳನ್ನು ದನಿಯೊಡನೆ ಹೋಲಿಸಿ ಒಪ್ಪಿಗೆ ಕೊಟ್ಟ ಮೇಲೆಯೇ ಬರಹವು ಮುಂದೆ ಹೋಗಲಿ. ೧೨೦ ಗಂಟೆಯ ಕೆಲಸ ಇದರಿಂದ ಬಹಳ ಕಡಮೆಯಾಗುವುದು, ಆದರೆ ಸೊನ್ನೆಯಾಗದು.

ಮಾತು ಹಿರಿಯರದು. ಅದು ಯಾವ ಯಂತ್ರಕ್ಕೆ ಹೋಗುವುದೆಂದು ಮೊದಲೇ ತಿಳಿಸಿ ಅವರ ಒಪ್ಪಿಗೆ ಪಡೆಯಬೇಕು. ಪರರ ಸರ್ವರಿಗೆ ಕಳುಹಿಸಲು ಅವರು ಒಪ್ಪದಿದ್ದರೆ, ವಿಸ್ಪರಿನಂಥ ತಂತ್ರಾಂಶವನ್ನು ಕಾಲೇಜಿನ ಕಂಪ್ಯೂಟರಿನಲ್ಲಿಯೇ ನಡೆಸಬಹುದು.

ವಾಚಕರು ಮನೆಯಲ್ಲಿ ಒಂದು ಪ್ರಯೋಗ ಮಾಡಿ ನೋಡಲಿ. ಅಜ್ಜನೋ ಅಜ್ಜಿಯೋ ೫ ನಿಮಿಷ ಮಾತನಾಡಲಿ. ಅದನ್ನು ಮೊದಲು ನೀವೇ ಕೇಳಿ ಬರೆಯಿರಿ, ಅನಂತರ ಯಂತ್ರದಿಂದ ಬರೆಯಿಸಿರಿ. ಮೇಲಿನ ಸೂತ್ರದಿಂದ ಶೇಕಡವಾರು ತಪ್ಪನ್ನು ಕಂಡುಹಿಡಿಯಿರಿ. ಬಳಿಕ ಅರ್ಥ ಕೆಡಿಸಿದ ತಪ್ಪುಗಳೆಷ್ಟೆಂದು ಬೇರೆಯಾಗಿ ಎಣಿಸಿ, ಎರಡು ಸಂಖ್ಯೆಗಳನ್ನೂ ಪಕ್ಕ ಪಕ್ಕದಲ್ಲಿ ಬರೆದಿಡಿರಿ.