ಭಂಡಾರಿಯ ಕಾಯಕ

ಅಧಿಕಾರವು ಕುಲದಿಂದ ಬರುವುದೆಂದೂ, ಅಧಿಕಾರವನ್ನು ಹಿಡಿದವನ ಕೈ ಶುಚಿಯಾಗಿ ಉಳಿಯದೆಂದೂ ಲೋಕದಲ್ಲಿ ಎರಡು ಭಾವನೆಗಳು ರೂಢವಾಗಿವೆ. 12ನೆಯ ಶತಮಾನದ ಶರಣರು ಇವೆರಡನ್ನೂ ತಮ್ಮ ನಡೆಯಿಂದಲೇ ಅಲ್ಲಗಳೆದರು. ಅವರು ಎಲ್ಲಿಂದ ಬಂದರು, ಲೋಕಸೇವೆಯನ್ನು ಹೇಗೆ ನಡೆಸಿದರು ಎಂಬುದನ್ನು ಸದ್ಭಕ್ತರು ಅರಿಯುವುದು ಅವಶ್ಯವಾಗಿದೆ.

ಬಸವಣ್ಣನವರು ಇಂದಿನ ವಿಜಯಪುರ ಜಿಲ್ಲೆಯ ಬಾಗೇವಾಡಿಯಲ್ಲಿ ಮಾದರಸ, ಮಾದಲಾಂಬಿಕೆಯರ ಪುತ್ರರಾಗಿ ಜನಿಸಿದರು. ಬ್ರಾಹ್ಮಣಕುಲದ ಹಿರಿಮೆಯನ್ನು ತೊರೆದು, ಕೃಷ್ಣಾ ಮಲಪ್ರಭೆಯರು ಕೂಡುವ ಕೂಡಲಸಂಗಮಕ್ಕೆ ತೆರಳಿ ಶಿವಾನುಭವವನ್ನು ಪಡೆದರು. ತರುವಾಯ ಮಂಗಳವಾಡಕ್ಕೆ ಬಂದು ಕಳಚುರಿ ಬಿಜ್ಜಳನ ಸೇವೆಯಲ್ಲಿ ಕರಣಿಕರಾದರು. ಆ ಊರು ಇಂದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯೆನಿಸಿದೆ. ಲೆಕ್ಕ ಬರೆಯುವ ಕಾಯಕದಿಂದ ಮೊದಲ್ಗೊಂಡು ಅವರು ಭಂಡಾರಿಯ ಪದವಿಗೇರಿದರು. ಹರಿಹರ ಮಹಾಕವಿಯು ತನ್ನ ರಗಳೆಯಲ್ಲಿ ಅವರ ಗಣಿತನೈಪುಣ್ಯವನ್ನು ಕೊಂಡಾಡಿದ್ದಾನೆ.

ಭಂಡಾರದ ಹೊನ್ನನ್ನು ಜಂಗಮರಿಗೆ ವ್ಯಯಿಸುತ್ತಿರುವರೆಂದು ಕೊಂಡೆಯರು ಬಿಜ್ಜಳನಲ್ಲಿ ದೂರಿತ್ತರೆಂದೂ, ಎಣಿಸಿ ನೋಡಲಾಗಿ ಹೊನ್ನು ಕುಂದಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಇದನ್ನು ಪವಾಡವೆಂದು ಓದಿ ಕೈಮುಗಿದುಬಿಟ್ಟರೆ ಸಾಲದು. ಇದರೊಳಗಿನ ತತ್ತ್ವವನ್ನು ವಿಚಾರಿಸಬೇಕು. ಭಂಡಾರದ ಹೊನ್ನು ಭಂಡಾರಿಯದಲ್ಲ, ಅರಸನದೂ ಅಲ್ಲ. ತೆರಿಗೆ ತೆತ್ತ ಒಕ್ಕಲುಮಕ್ಕಳ ಬೆವರು ಅದು. ಅದನ್ನು ತೆಗೆದು ದೇವರ ಹೆಸರಿನಲ್ಲಿ ನೀಡಿದರೂ ದಾಸೋಹವೆನಿಸದು. ಸ್ವಂತ ಕಾಯಕದ ಫಲವೇ ಲಿಂಗಾರ್ಪಿತಕ್ಕೆ ಯೋಗ್ಯ.

ಸತ್ಕಾರ್ಯಕ್ಕೆಂದು ಹೆಚ್ಚಿಗೆ ತಂದರೆ ತಪ್ಪೇನು ಎಂಬ ಶಂಕೆ ಹುಟ್ಟಬಹುದು. ಇದಕ್ಕೆ ಸಮಾಧಾನವು ಅರಮನೆಯಲ್ಲಿಲ್ಲ, ಗುಡಿಸಲಿನಲ್ಲಿದೆ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನವರ ಕಾಯಕವು ಚೆಲ್ಲಿದ ಅಕ್ಕಿಯನ್ನು ಆಯುವುದು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚಿಗೆ ಅಕ್ಕಿಯನ್ನು ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಆಸೆಯಿಂದ ತಂದುದು ಅರ್ಪಣಕ್ಕೆ ಸಲ್ಲದೆಂದು ತಿಳಿಹೇಳಿ, ಮಿಕ್ಕುದನ್ನು ಮರಳಿ ಅಲ್ಲಿಯೇ ಸುರಿದುಬರುವಂತೆ ಕಳುಹಿದರು. ಭಂಡಾರಿಗೂ ಅಕ್ಕಿಯಾಯುವವನಿಗೂ ಧರ್ಮವು ಒಂದೇ.

ಸೊನ್ನಲಿಗೆಯ ಸಿದ್ಧರಾಮರು ಕೆರೆಯನ್ನು ಕಟ್ಟಿಸಿ ಜನಕ್ಕೆ ನೀರನ್ನು ಒದಗಿಸಿದರು. ಅಂತಹ ಪುಣ್ಯಕಾರ್ಯದಲ್ಲಿಯೂ ಕಟ್ಟಿಸಿದೆನೆಂಬ ಅಹಂಭಾವವು ಉಳಿಯಬಾರದೆಂದು ಬಳ್ಳಿಗಾವಿಯ ಅಲ್ಲಮಪ್ರಭುಗಳು ಅವರನ್ನು ಎಚ್ಚರಿಸಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿದೆ. ಪರಧನವನ್ನು ಮುಟ್ಟದಿರುವುದು ಲೋಕಸೇವಕನ ಮೊದಲ ಶೀಲವಾದರೆ, ಮಾಡಿದ ಸೇವೆಯನ್ನು ತನ್ನದೆನ್ನದಿರುವುದು ಎರಡನೆಯದು.

ಇಂದು ಕಚೇರಿಯಲ್ಲಿ ಕುಳಿತವರು, ಸಹಕಾರಿ ಸಂಘದ ಲೆಕ್ಕವಿಡುವವರು, ಜಾತ್ರೆಯ ಕಾಣಿಕೆಯನ್ನು ಎಣಿಸುವವರು, ಎಲ್ಲರೂ ಒಂದು ಬಗೆಯಲ್ಲಿ ಭಂಡಾರಿಗಳೇ. ಲಂಚದ ಹಣದಲ್ಲಿ ಒಂದಂಶವನ್ನು ಮಠಕ್ಕೆ ಅರ್ಪಿಸಿದರೆ ದೋಷವು ಕಳೆಯುವುದೆಂದು ಯಾರೂ ಭ್ರಮಿಸಬಾರದು. ಮನೆಗೆ ಬಂದ ಹಣವು ಎಲ್ಲಿಯದೆಂದು ಕೇಳುವ ಧೈರ್ಯವು ಪ್ರತಿ ಗೃಹಿಣಿಗೂ, ಆ ಪ್ರಶ್ನೆಗೆ ತಲೆಬಾಗುವ ವಿನಯವು ಪ್ರತಿ ಗೃಹಸ್ಥನಿಗೂ ಬರಲಿ. ಬಸವಾದಿ ಪ್ರಮಥರನ್ನು ನೆನೆಯುವುದರ ಸಾರ್ಥಕತೆಯು ಇದರಲ್ಲಿಯೇ ಇದೆ.