ಕೈಯಲ್ಲಿ ಕಾಸಿಲ್ಲದವನು ದಾನ ಮಾಡುವುದೇಕೆ?

ಪ್ರಶ್ನೆ: ‘ಅಪರಾಧ ಮತ್ತು ಶಿಕ್ಷೆ’ ಓದುತ್ತಿದ್ದೇನೆ. ರಾಸ್ಕೋಲ್ನಿಕೋವ್‌ಗೆ ಊಟಕ್ಕೇ ಗತಿಯಿಲ್ಲ. ಆದರೂ ಜೇಬಿನ ಚಿಲ್ಲರೆಯನ್ನು ಕುಡುಕನೊಬ್ಬನ ಮನೆಯ ಕಿಟಕಿಯಲ್ಲಿಟ್ಟು ಬರುತ್ತಾನೆ. ದುಡ್ಡಿನ ತಾಪತ್ರಯ ಮನಸ್ಸನ್ನು ನಿಜಕ್ಕೂ ಹೀಗೆ ಕೆಡಿಸುತ್ತದೆಯೇ, ಇಲ್ಲ ಇದು ಕಾದಂಬರಿಕಾರನ ಕಲ್ಪನೆಯೇ?

ಉತ್ತರ: ಆ ಚಿಲ್ಲರೆ ಎಲ್ಲಿಂದ ಬಂತೆಂದು ಕೆಲವು ಪುಟ ಹಿಂದಕ್ಕೆ ಹೋಗಿ ನೋಡಿ. ಅಪ್ಪನ ಬೆಳ್ಳಿ ಗಡಿಯಾರವನ್ನು ಅವನು ಬಡ್ಡಿ ವ್ಯವಹಾರದ ಮುದುಕಿಯೊಬ್ಬಳ ಹತ್ತಿರ ಗಿರವಿ ಇಡುತ್ತಾನೆ. ಅವನು ಕೇಳುವುದು 4 ರೂಬಲ್, ಅವಳು ಒಪ್ಪುವುದು ಒಂದೂವರೆಗೆ. ರೂಬಲ್ಲಿಗೆ ತಿಂಗಳಿಗೆ 10 ಕೊಪೆಕ್ ಬಡ್ಡಿ, ಅದನ್ನೂ ಮೊದಲೇ ಮುರಿದುಕೊಳ್ಳುತ್ತಾಳೆ. ಗಡಿಯಾರದ ಬಾಬ್ತು 15, ಹಳೆಯ 2 ರೂಬಲ್ ಸಾಲದ ಬಾಬ್ತು 20. ಕಳೆದು ಅವನ ಕೈಗೆ ಬೀಳುವುದು 1 ರೂಬಲ್ 15 ಕೊಪೆಕ್. ಕಾದಂಬರಿಕಾರ ದಾಸ್ತೊಯೆವ್‌ಸ್ಕಿ ಇಷ್ಟನ್ನೂ ಬಿಡಿಬಿಡಿಯಾಗಿ ಬರೆಯುತ್ತಾನೆ. ಸಾಲದಲ್ಲಿರುವವನ ತಲೆಯೊಳಗೆ ಹಗಲೂ ರಾತ್ರಿ ಓಡುವುದು ಇದೇ ಲೆಕ್ಕ. ಅದು ಬೇರೆ ಯಾವ ಯೋಚನೆಗೂ ಜಾಗ ಬಿಡುವುದಿಲ್ಲ.

ಆದರೆ ರಾಸ್ಕೋಲ್ನಿಕೋವ್‌ನನ್ನು ಹೆಚ್ಚು ಕೊರೆಯುವುದು ನಾಚಿಕೆ ಎಂದು ನನಗನ್ನಿಸುತ್ತದೆ. ಕಾದಂಬರಿ ಶುರುವಾಗುವುದೇ ಅವನು ಮನೆಯೊಡತಿಯ ಅಡುಗೆಮನೆಯ ಬಾಗಿಲ ಮುಂದೆ ಸದ್ದಿಲ್ಲದೆ ಮೆಟ್ಟಿಲಿಳಿದು ಹೋಗುವಲ್ಲಿ. ಬಾಡಿಗೆ ಬಾಕಿಯಿದೆ, ಮುಖ ತೋರಿಸುವಂತಿಲ್ಲ. ದಿನಾ ಹೀಗೆ ಮುಖ ತಪ್ಪಿಸಿ ಓಡಾಡುವವನಿಗೆ, ಮತ್ತೊಬ್ಬರಿಗೆ ಕೊಡುವ ಒಂದು ಗಳಿಗೆಯಾದರೂ ತಾನು ಸಾಲಗಾರನಲ್ಲ ಅನ್ನಿಸುತ್ತದೆ. ಆ ಗಳಿಗೆಗಾಗಿಯೇ ಅವನು ಕೊಡುತ್ತಾನೆ. ಮೆಟ್ಟಿಲಿಳಿಯುವಾಗಲೇ ಎಂಥ ದಡ್ಡತನ ಮಾಡಿದೆ, ವಾಪಸು ಹೋಗಿ ತೆಗೆದುಕೊಳ್ಳಲೇ ಎಂದು ಚಡಪಡಿಸುವುದನ್ನೂ ಲೇಖಕ ಬಿಡುವುದಿಲ್ಲ. ಅದಕ್ಕೇ ಈ ಪ್ರಸಂಗವನ್ನು ನಾನು ನಂಬುತ್ತೇನೆ.

ಇದನ್ನು ಬರೆದವನು ಸಾಲದ ರುಚಿ ಕಂಡವನು. 1864ರಲ್ಲಿ ಅಣ್ಣ ತೀರಿಕೊಂಡಾಗ ಅವನ ಸಾಲವೆಲ್ಲ ದಾಸ್ತೊಯೆವ್‌ಸ್ಕಿಯ ತಲೆಗೆ ಬಂತು. ಮರುವರ್ಷ ಜರ್ಮನಿಯ ವೀಸ್‌ಬಾಡೆನ್‌ನಲ್ಲಿ ಇದ್ದಬದ್ದದ್ದನ್ನು ಜೂಜಿನಲ್ಲಿ ಕಳೆದ. ಹೋಟೆಲಿನವರು ಊಟ ನಿಲ್ಲಿಸಿ ಬರೀ ಚಹಾ ಕೊಡುತ್ತಿದ್ದರು. ಕಾದಂಬರಿಯ ಯೋಜನೆಯನ್ನು ಪತ್ರಿಕೆಯ ಸಂಪಾದಕನಿಗೆ ಬರೆದು ಕಳಿಸಿದ್ದು ಅಲ್ಲಿಂದಲೇ.

ಕಲ್ಪನೆಯೇ ಎಂದಿರಿ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ನಂತರ ಒಮ್ಮೆ ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಕಟಾವಿಗೆ ಮುಂಚೆ ಏನಾದರೊಂದನ್ನು ಅಡವಿಟ್ಟವರು ಶೇ 78ರಷ್ಟಿದ್ದರು, ನಂತರ ಶೇ 4. ಅದೇ ರೈತರು ಕೈ ಬರಿದಾಗಿದ್ದಾಗ ತರ್ಕದ, ಗಮನದ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು. ದುಡ್ಡು ಬಂದ ಮೇಲೆ ಸುಧಾರಿಸಿದರು. ಅಳೆದದ್ದು ಮನೋರೋಗವನ್ನಲ್ಲ, ನಿಜ. ಆದರೆ ಬಡವರಿಗೆ ಬುದ್ಧಿ ಕಡಿಮೆ ಎನ್ನುವವರಿಗೆ ಈ ಫಲಿತಾಂಶ ಒಂದು ಉತ್ತರ.

ಹಾಗೆಂದು ರಾಸ್ಕೋಲ್ನಿಕೋವ್ ಮುಂದೆ ಆ ಮುದುಕಿಯನ್ನು ಕೊಲ್ಲುವುದಕ್ಕೆ ಬಡತನವೊಂದೇ ಕಾರಣವೆಂದು ಓದಬೇಡಿ. ಅವನ ಗೆಳೆಯ ರಜುಮಿಖಿನ್ ಕೂಡ ಓದು ಬಿಟ್ಟ ಬಡ ಹುಡುಗನೇ. ಒಮ್ಮೆ ಇಡೀ ಚಳಿಗಾಲ ಕೋಣೆಗೆ ಒಲೆ ಹಚ್ಚದೆ ಕಳೆದವನು. ಆದರೆ ಅವನು ನಾಲ್ಕು ಜನರ ನಡುವೆ ಇರುತ್ತಾನೆ, ಕೆಲಸ ಕೇಳುತ್ತಾನೆ, ಜಗಳಾಡುತ್ತಾನೆ, ನಗುತ್ತಾನೆ. ರಾಸ್ಕೋಲ್ನಿಕೋವ್ ಗೂಡಿನಂಥ ಕೋಣೆಯಲ್ಲಿ ಒಬ್ಬನೇ ಮಲಗಿ ಯೋಚಿಸುತ್ತಾನೆ. ಕೊಲೆಯ ಮರುದಿನ ಅವನು ಗೆಳೆಯನ ಕೋಣೆಗೆ ಹೋಗುತ್ತಾನೆ. ಗೆಳೆಯ ಅನುವಾದದ ಕೆಲಸ ಕೊಟ್ಟು, 3 ರೂಬಲ್ ಮುಂಗಡವನ್ನೂ ಕೊಡುತ್ತಾನೆ. ತೆಗೆದುಕೊಂಡು ಬೀದಿಯವರೆಗೆ ಹೋದವನು ವಾಪಸು ಬಂದು ಹಾಳೆಗಳನ್ನೂ ದುಡ್ಡನ್ನೂ ಮೇಜಿನ ಮೇಲಿಟ್ಟು, ಮಾತಿಲ್ಲದೆ ಇಳಿದು ಹೋಗುತ್ತಾನೆ. ಈಗ ಎಲ್ಲಿದ್ದೀಯೆಂದು ಗೆಳೆಯ ಮೇಲಿನಿಂದ ಕೂಗಿ ಕೇಳುತ್ತಾನೆ. ಉತ್ತರ ಬರುವುದಿಲ್ಲ.